ಅಳತೆ ರವಿಕೆ ವಾಪಸ್ ಕಳಿಸಿದ ವಿಮಲಾ

ಬೆಳಿಗ್ಗೆ ದೋಣಿಗಲ್‌ನಿಂದ ಫೋನ್ ಬಂತು.
ವಿಮಲಾ ಟೀಚರ್ ಹೋಗಿಬಿಟ್ಟರು ಅಂದರು...
ಯಾವ ವಿಮಲಾ ಎಂದು ಎರಡು ಸಲ ಕೇಳಿದೆ.
ನನಗೆ ಗೊತ್ತಿರುವುದು ಒಬ್ಬಳೇ ವಿಮಲಾ. ಆದರೂ ಕೇಳಿದೆ.

ಹಾರ್ಟ್ ಅಟ್ಯಾಕ್. ಸಕಲೇಶಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ.
ಮೊನ್ನೆ ಗುರುವಾರ ತಾನೇ "ಕತ್ತರಿ ಮೊಂಡಾಗೈತೆ, ಸಾಣೆ ಹಿಡ್ಸು" ಎಂದು ನನ್ನನ್ನು ಗದರಿಸಿ ಹೋದವಳು...

ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ.
ವಿಮಲಾ ಮತ್ತು ನಾನು ಆಲೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚು.
ನಾನು ಹೆಗ್ಗದ್ದೆಯ ಎಸ್ಟೇಟಿಗೆ ಸೊಸೆಯಾಗಿ ಬಂದೆ.
ಅವಳು ಟೈಲರಿಂಗ್ ಕಲಿತು, ಊರೂರು ಸುತ್ತಿ ಹೆಂಗಸರಿಗೆ ಕಲಿಸಿದಳು.

ಎರಡು ವರ್ಷದ ಹಿಂದೆ ನಮ್ಮಲ್ಲಿ ನೀರಿನ ಜಗಳವಾಯಿತು.
ಊರಿನವರಿಗೂ ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೂಲಿಯವರಿಗೂ...
ಲೈನಿಗೆ ಹೋಗುವ ಪೈಪನ್ನು ಬಂದ್ ಮಾಡಿಸಿದವಳು ನಾನೇ. ಮುಚ್ಚಿಡುವುದಿಲ್ಲ.
ನಾಲ್ಕು ದಿನಕ್ಕೆ ನೀರು ಬಿಡಿಸಿದೆ. ಮಾತು ಮಾತ್ರ ಮತ್ತೆ ಬರಲಿಲ್ಲ.
ದಾರಿಯಲ್ಲಿ ಎದುರಾದರೆ ಎರಡೂ ಕಡೆಯ ಹೆಂಗಸರು ಮುಖ ತಿರುಗಿಸುತ್ತಿದ್ದರು.

ಇದನ್ನು ಕೇಳಿ ವಿಮಲಾ ಬಂದಳು.
"ಕಾಫಿ ಸ್ಟೋರ್ ಖಾಲಿ ಮಾಡ್ಕೊಡು ಗಿರಿಜಾ. ಆರು ಮೆಷಿನ್ ತರ್ತೀನಿ."
ಕೊಟ್ಟೆ.

ಒಂದು ಮೆಷಿನ್‌ಗೆ ಇಬ್ಬರು. ಊರಿನವಳೊಬ್ಬಳು, ಲೈನಿನವಳೊಬ್ಬಳು.
ಒಬ್ಬಳ ರವಿಕೆ ಇನ್ನೊಬ್ಬಳು ಹೊಲಿಯಬೇಕು.
ಅಳತೆಗೆಂದು ಹಳೇ ರವಿಕೆ ತರುವ ಹಾಗಿಲ್ಲ. ಮೈಮೇಲೆ ಟೇಪ್ ಇಟ್ಟೇ ಅಳೆಯಬೇಕು.
ಇದು ಅವಳ ಕಾನೂನು.

ಮೊದಲ ವಾರ ಅರ್ಧ ಜನ ಎದ್ದು ಹೋದರು.
"ಹೋಗ್ಲಿ ಬುಡು. ಹರಿದಿರೋ ರವಿಕೆ ಹಿಡ್ಕಂಡು ಅವ್ರೇ ಬತ್ತಾರೆ" ಎಂದಳು.
ಬಂದರು.

ಆಮೇಲೆ ಸ್ಟೋರಿನಿಂದ ನಗು ಕೇಳಿಸತೊಡಗಿತು...
"ಏನ್ ಶಾರದಕ್ಕ, ಟೇಪೇ ಸಾಲ್ತಾ ಇಲ್ವಲ್ಲ" ಎಂದು ಲೈನಿನ ಚೆಲುವಿ.
"ಬಾಯಿ ಮುಚ್ಕಂಡು ಅಳತೆ ತಕ್ಕಳೇ. ನೀನೇನ್ ಕಡ್ಡಿನಾ" ಎಂದು ಊರಿನ ಶಾರದ.
ನಾನು ಜಗಲಿಯಲ್ಲಿ ಒಬ್ಬಳೇ ಕುಳಿತು ಕೇಳುತ್ತಿದ್ದೆ.

ವಿಮಲಾ... ನಿನ್ನ ಹತ್ತಿರ ಒಂದು ಮಾತು ಹೇಳುವುದಿತ್ತು.
ನನಗೂ ಒಂದು ರವಿಕೆ ಬೇಕೆಂದು ಬಟ್ಟೆ ಕಳಿಸಿದೆ. ಜೊತೆಗೆ ಅಳತೆಗೊಂದು ಹಳೇ ರವಿಕೆ.
ಹಳೆಯದನ್ನು ನೀನು ವಾಪಸ್ ಕಳಿಸಿದೆ.
ಸಿಟ್ಟಿನಲ್ಲಿ ನಾನೇ ಬಂದೆ.

"ಚೆಲುವಿ ಹೊಲಿತಾಳೆ. ನಿಂತ್ಕ, ಅಳತೆ ತಗೀಲಿ" ಅಂದೆ ನೀನು.
"ಲೈನಿನವ್ರ ಕೈಲಿ ಮೈ ಮುಟ್ಟಿಸ್ಕಳೋ ಅಭ್ಯಾಸ ನಮ್ಮನೇಲಿಲ್ಲ ಕಣೇ" ಅಂದೆ ನಾನು.
"ಬಟ್ಟೆ ಇಲ್ಲೇ ಇರ್ತೈತೆ. ಅಭ್ಯಾಸ ಆದಾಗ ಬಾ ಗಿರಿಜಾ."

ಗೋಡೆಯ ಗೂಡಿನಲ್ಲಿ ಅದನ್ನು ಮಡಿಸಿಟ್ಟೆಯಲ್ಲ... ಒಂದು ವರ್ಷವಾಯಿತು.
ನೀನು ಮತ್ತೆ ಕೇಳಲಿಲ್ಲ. ನಾನೂ ಬರಲಿಲ್ಲ.

ಈ ಊರಿಗೆಲ್ಲ ನಾನು ಅಮ್ಮಾವ್ರು. ಮನೆಯಲ್ಲಿ ಅತ್ತೆ, ಅಜ್ಜಿ.
ಗಿರಿಜಾ ಎನ್ನುತ್ತಿದ್ದವಳು ನೀನೊಬ್ಬಳೇ...
ಇನ್ನು ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ.

ಮಧ್ಯಾಹ್ನ ಸ್ಟೋರಿಗೆ ಹೋದೆ.
ಹನ್ನೆರಡು ಜನವೂ ನೆಲದ ಮೇಲೆ ಕುಳಿತಿದ್ದರು. ಊರಿನವರು ಒಂದು ಗೋಡೆಗೆ, ಲೈನಿನವರು ಇನ್ನೊಂದು ಗೋಡೆಗೆ.
ನೀನಿಲ್ಲದ ಅರ್ಧ ದಿನಕ್ಕೇ...

ಮೊಳೆಯಲ್ಲಿ ನೇತಾಡುತ್ತಿದ್ದ ನಿನ್ನ ಟೇಪ್ ತೆಗೆದು ಚೆಲುವಿಯ ಕೈಗಿಟ್ಟೆ. ನನ್ನ ಬಟ್ಟೆಯನ್ನೂ ಗೂಡಿನಿಂದ ತೆಗೆದೆ.
"ಸಾವಿನ ದಿನ ಅಳತೆ ಕೊಡಬಾರ್ದು ಅಮ್ಮಾವ್ರೇ" ಎಂದಳು ಶಾರದ.
"ಒಳ್ಳೇ ದಿನ ನೋಡ್ತಾ ನೋಡ್ತಾನೇ ಒಂದು ವರ್ಷ ಆಯ್ತು. ನೀನು ಅಳತೆ ಬರ್ಕ" ಎಂದೆ.

ಚೆಲುವಿ ಟೇಪ್ ಬಿಚ್ಚಿದಳು.
"ಕೈ ವಸಿ ಎತ್ತಿ" ಎಂದಳು.
ಎತ್ತಿದೆ.
ಅವಳು ಒಂದೊಂದೇ ಅಳತೆ ಹೇಳಿದಳು, ಶಾರದ ಬರೆದುಕೊಂಡಳು.
ಉಳಿದವರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮೆಷಿನ್ ಹತ್ತಿರ ಬಂದು ನಿಂತರು.

ಕ್ಲಾಸ್ ನಿಲ್ಲುವುದಿಲ್ಲ. ಸ್ಟೋರಿನ ಬೀಗದ ಕೈ ಇವತ್ತಿನಿಂದ ಚೆಲುವಿ, ಶಾರದ ಇಬ್ಬರದು.
ನಾಳೆ ಕತ್ತರಿಗೆ ಸಾಣೆ ಹಿಡಿಸುತ್ತೇನೆ.
ರವಿಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮುಖಕ್ಕೆ ಹೇಳಲು ಮಾತ್ರ ನೀನಿಲ್ಲ...

ಹೋಗಿ ಬಾ ವಿಮಲಾ.
ಊರೂರು ಸುತ್ತಿ ದಣಿದ ಜೀವ, ಶಿವನ ಪಾದದಲ್ಲಿ ತಣ್ಣಗಿರಲಿ.

ನಿನ್ನ ಗಿರಿಜಾ