ಗಡಿಬಿಡಿ ಅಕ್ಕ ಉತ್ತರ ಬದಲಿಸಿದ್ದು

ಬೇಕರಿಯಲ್ಲಿ ಅವಳನ್ನು ಎಲ್ಲರೂ ಗಡಿಬಿಡಿ ಅಕ್ಕ ಎನ್ನುತ್ತಿದ್ದರು. ಒಲೆಯೊಳಗೆ ಬ್ರೆಡ್ಡು ಇಟ್ಟು ಬಾಗಿಲು ಹಾಕುವಷ್ಟರಲ್ಲೇ ಸೀದುಹೋಯಿತೇನೋ ಎಂದು ಮತ್ತೆ ತೆರೆಯುವವಳು. ಬಸ್ ಓಡಿಸುವ ಗಂಡ ಫೋನ್ ಎತ್ತದಿದ್ದರೆ ಬಸ್ಸು ಹಳ್ಳಕ್ಕೆ ಬಿತ್ತೆಂದೇ ಲೆಕ್ಕ. ಎದೆ ಸದಾ ಡವಡವ. "ಪುಕ್ಕಲು ಪ್ರಾಣ. ಹುಟ್ಟುಗುಣ ಸುಟ್ರೂ ಹೋಗಲ್ಲ" ಎಂದು ಅತ್ತಿಗೆ ತೀರ್ಪು ಕೊಟ್ಟಾಗಿತ್ತು. ಅಕ್ಕನೂ ಅದನ್ನೇ ನಂಬಿದ್ದಳು.

ಒಮ್ಮೆ ಬಿಸಿ ತಟ್ಟೆ ತಗುಲಿ ಮೊಣಕೈ ಮೇಲೆ ಬೊಬ್ಬೆ ಎದ್ದಿತು. ಪಟ್ಟಿ ಹಾಕಿಸಲು ಕ್ಲಿನಿಕ್ಕಿಗೆ ಹೋದರೆ, ಬಂದ ದೊಡ್ಡವರಿಗೆಲ್ಲ ನರ್ಸ್ ಒಂದು ಹಾಳೆ ಕೊಡುತ್ತಿದ್ದಳು. ಈಚಿನ ದಿನಗಳಲ್ಲಿ ಚಿಂತೆ ತಡೆಯಲಾಗದಷ್ಟು ಬಂತೇ, ಕೂತಲ್ಲಿ ಕೂರಲಾಗದ ಚಡಪಡಿಕೆಯೇ, ಏನೋ ಕೆಟ್ಟದ್ದಾಗುತ್ತದೆಂಬ ಭಯವೇ, ಇಂಥ ಪ್ರಶ್ನೆಗಳು. ಎದುರಿಗೆ 'ಇಲ್ಲವೇ ಇಲ್ಲ'ದಿಂದ 'ಹೆಚ್ಚುಕಡಿಮೆ ದಿನಾಲೂ'ವರೆಗೆ ಚೌಕಗಳು.

ಅಕ್ಕ ಸರಸರನೆ ಎಲ್ಲದಕ್ಕೂ 'ಇಲ್ಲವೇ ಇಲ್ಲ' ಎಂದು ಗುರುತು ಹಾಕಿ ಕೊಟ್ಟಳು. ನರ್ಸ್ ಹಾಳೆ ನೋಡಿದಳು. ಕುರ್ಚಿಯ ಕೆಳಗೆ ಕುಣಿಯುತ್ತಿದ್ದ ಕಾಲನ್ನೂ ನೋಡಿದಳು.

"ಇದ್ರಲ್ಲಿ ಪಾಸು ಫೇಲು ಇಲ್ಲಮ್ಮ. ನಿಮಗೆ ಹೇಗಾಗುತ್ತೆ ಅನ್ನೋದು ನಿಮಗೇ ಗೊತ್ತು. ಇನ್ನೊಂದು ಹಾಳೆ ಕೊಡ್ಲಾ?"

"ಈ ತರ ಬೇರೆಯವರಿಗೂ ಆಗುತ್ತಾ?"

"ಆಗದಿದ್ರೆ ಪ್ರಶ್ನೆ ಯಾಕೆ ಅಚ್ಚು ಹಾಕಿಸ್ತಿದ್ರು?"

ಅಕ್ಕ ಹಾಳೆಗೆ ಕೈ ಚಾಚಿದಳು. ಹಾಗಾದರೆ ತನ್ನಂಥವರ ದಂಡೇ ಇದೆ! ಹೊಸ ಹಾಳೆಯಲ್ಲಿ ನಿಜ ಗುರುತಿಸುತ್ತ ಹೋದಂತೆ ಮೈಗೆ ಹುರುಪು ಹತ್ತಿತು. ಕಾಗದ ಹರಿಯುವಷ್ಟು ಪೆನ್ನು ಒತ್ತಿದಳು.

ಚೌಕಗಳ ಅಂಕ ಕೂಡಿಸಿದ ನರ್ಸ್, "ಇದು ಜರಡಿ ಹಿಡಿದು ನೋಡೋದು ಅಷ್ಟೇ, ಕಾಯಿಲೆ ಅಂತ ತೀರ್ಮಾನ ಅಲ್ಲ. ಡಾಕ್ಟ್ರು ಮಾತಾಡಿ ನೋಡ್ತಾರೆ" ಎಂದಳು.

ಡಾಕ್ಟರು ಸಾವಧಾನವಾಗಿ ಕೇಳಿದರು, ಬೇರೆ ಕಾರಣವಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಇದು ಆತಂಕದ ತೊಂದರೆಯೇ, ಕಡಿಮೆಯಾಗುವಂಥದ್ದು ಎಂದು ಹೇಳಿ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. "ತಲೆ ಕೆಟ್ಟವರು ಹೋಗೋ ಜಾಗ" ಎಂದು ಅತ್ತಿಗೆ ಮೂಗು ಮುರಿದಳು.

"ಹೌದತ್ತಿಗೆ, ಕೆಟ್ಟಿದ್ದನ್ನೇ ತಾನೆ ರಿಪೇರಿಗೆ ಒಯ್ಯೋದು" ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಸುಲಭವಾಗಿರಲಿಲ್ಲ. ಎಷ್ಟೋ ಸಲ ಅತ್ತುಕೊಂಡು ಬಂದಳು. ಆದರೆ ತಿಂಗಳುಗಳು ಕಳೆದಂತೆ ನಿದ್ದೆ ಹತ್ತತೊಡಗಿತು, ಒಲೆಯ ಬಾಗಿಲು ಮುಚ್ಚಿಯೇ ಇರತೊಡಗಿತು.

ಅವಳ ಮಗಳು ಈಜುಗಾರ್ತಿ. ಒಂದು ಸ್ಪರ್ಧೆಯನ್ನೂ ಅಕ್ಕ ಕಣ್ಣಾರೆ ಕಂಡಿರಲಿಲ್ಲ. ಕೊಳದ ಗೇಟಿನಾಚೆಯೇ ನಿಲ್ಲುತ್ತಿದ್ದಳು. ಈ ಸಲ ಎದೆ ಡವಡವ ಎಂದರೂ ಒಳಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ಸೀಟಿ ಮೊಳಗಿತು. ನೀರಿಗೆ ಹಾರಿದ ಮಗಳು ಕಾಣದಾದಾಗ ಪಕ್ಕದಲ್ಲಿದ್ದ ಗಂಡನ ತೋಳು ಹಿಂಡಿಹಾಕಿದಳು. ಮಗಳ ತಲೆ ನೀರಿನಿಂದ ಮೇಲೆ ಬಂದದ್ದೇ ತಡ, ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದಳು. ಮಗಳು ನಾಲ್ಕನೆಯವಳಾಗಿ ಗೋಡೆ ಮುಟ್ಟಿದಳು.

"ನೀನು ಕೂಗಿದ್ದು ನೀರೊಳಗೂ ಕೇಳಿಸ್ತಮ್ಮ" ಎಂದು ನಗುತ್ತ ಬಂದಳು.

"ಮುಂದಿನ ರೇಸು ಯಾವಾಗ?" ಎಂದಳು ಅಕ್ಕ, ಕೂಗಿ ಕೂಗಿ ಒಡೆದ ದನಿಯಲ್ಲಿ.