ಹಡಗಿನ ನಕ್ಷೆಯ ಮೇಲೆ ಎಳೆದ ಉತ್ತರದ ಬಾಣ

ಶಿಕಾರಿಪುರದ ನಮ್ಮ ಬೀಗರು ನಿವೃತ್ತ ಸರ್ವೇಯರ್. ಎಲ್ಲದಕ್ಕೂ ಅವರದು ಒಂದೇ ಮಾತು: "ನಕ್ಷೆ ಸುಳ್ಳು ಹೇಳಲ್ಲ ರೀ."

ಎರಡೂ ಮನೆಯವರು ಹಡಗಿನ ಪ್ರವಾಸಕ್ಕೆ ಹೊರಟಾಗ ಈ ಮಹಾಶಯರು ಹಡಗಿನ ನಕ್ಷೆ ಹರಡಿಕೊಂಡು, ಸ್ಕೇಲ್ ಇಟ್ಟು ಕ್ಯಾಬಿನ್ನುಗಳನ್ನು ಅಳೆದರು. ನಕ್ಷೆಯ ಮೇಲ್ಭಾಗವೇ ಉತ್ತರ ಎಂದು ಬಾಣ ಎಳೆದು, ಮಲಗಿದರೆ ತಲೆ ದಕ್ಷಿಣಕ್ಕೆ ಬರುವ ಕ್ಯಾಬಿನ್ನುಗಳನ್ನೇ ಆರಿಸಿದರು.

"ಹಡಗು ತಿರುಗುತ್ತಲ್ಲ, ಬೀಗ್ರೇ?" ಎಂದೆ.

ಕನ್ನಡಕದ ಮೇಲಿಂದ ನೋಡಿ ನಕ್ಕರು. "ನಿಮಗೆ ನಕ್ಷೆ ಓದಕ್ಕೆ ಬರಲ್ಲ ಬಿಡ್ರಿ."

ಬಂದರು ಬಿಟ್ಟ ಹಡಗು ತಿರುಗಿತು. ಬೀಗರು ಮೊಬೈಲಿನ ದಿಕ್ಸೂಚಿ ನೋಡಿ ದಿಂಬನ್ನು ಕಾಲಿನ ಕಡೆಗೆ ಒಯ್ದರು. ಹಡಗು ಮತ್ತೆ ತಿರುಗಿತು, ದಿಂಬೂ ತಿರುಗಿತು. ಕೊನೆಗೆ ಬೆವರು ಒರೆಸಿಕೊಂಡು, "ನಕ್ಷೆ ಸರೀಗೇ ಐತ್ರಿ, ಹಡಗೇ ತಪ್ಪು ಹೊಂಟೈತಿ" ಎಂದರು.

ಹಿಂದೊಮ್ಮೆ ಜಡೆ ಊರಿನ ನಮ್ಮ ಗದ್ದೆ ಅಳೆದಾಗಲೂ, ಗಡಿಯ ಹಳ್ಳವೇ ತಪ್ಪಾಗಿ ಹರಿಯುತ್ತಿದೆ ಎಂದು ನಕ್ಷೆಯಂತೆಯೇ ಗಡಿ ಹಾಕಿದ್ದರು. ಅಂದು ನಾವು ಕಳೆದುಕೊಂಡ ಅಂಚಿನಲ್ಲಿ ಈಗ ಪಕ್ಕದವರು ಭತ್ತ ಕೊಯ್ಯುತ್ತಾರೆ.