ಕಸದ ಡ್ರಮ್ಮಿಗೆ ಅಪ್ಪನ ಅಡ್ಡಹೆಸರು

ಹಾವೇರಿಯ ನಮ್ಮ ಮನೆಯಲ್ಲಿ ಮಗಳು ಮೊಬೈಲ್ ನೋಡಿ ಫ್ರೆಂಚ್ ಕಲಿಯುತ್ತಿದ್ದಾಳೆ. ಇವತ್ತು ಮುಂಜಾನೆ ಬಾಳೆಹಣ್ಣಿನ ಸಿಪ್ಪೆ ಹಿಡಿದು, "ಇದನ್ನ ಪುಬೆಲ್‌ಗೆ ಹಾಕಿ ಬರ್ತೇನಿ" ಎಂದಳು. ಫ್ರೆಂಚಿನಲ್ಲಿ ಕಸದ ಡಬ್ಬಿಗೆ ಹಾಗೆನ್ನುತ್ತಾರಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಆಡಳಿತ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯೊಬ್ಬರು ಮನೆಮನೆಗೂ ಮುಚ್ಚಳದ ಡಬ್ಬಿ ಇಡಬೇಕೆಂದು ಹುಕುಂ ಹೊರಡಿಸಿದರಂತೆ. ಜನ ಸಿಟ್ಟಿಗೆದ್ದು ಡಬ್ಬಿಗೆ ಅವರ ಮನೆತನದ ಅಡ್ಡಹೆಸರನ್ನೇ ಇಟ್ಟರಂತೆ. ಕೇಳಿದ್ದೇ ತಡ, ಕೂತಲ್ಲಿ ಕೂರಲಾಗದೆ ಎದ್ದುಬಿಟ್ಟೆ. ಎಲಾ ಇವನ, ಇದು ನಮ್ಮ ಮನೆಯ ಕಥೆಯಲ್ಲವೇ!

ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಅಪ್ಪ ಬ್ಯಾಡಗಿಯಲ್ಲಿ ಆರೋಗ್ಯ ನಿರೀಕ್ಷಕರಾಗಿದ್ದರು. ಓಣಿಯ ಹೆಂಗಸರೆಲ್ಲ ಮನೆಯಲ್ಲೇ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ತೊಟ್ಟೆಲ್ಲ ಗಟಾರಕ್ಕೆ, ಗಟಾರ ತುಂಬಿ ರಸ್ತೆಗೆ. ಅಪ್ಪ ಹಟ ಹಿಡಿದು ಮನೆಗೊಂದು ಮುಚ್ಚಳದ ಡ್ರಮ್ಮು ಕೊಡಿಸಿದರು. ವಾರ ಬಿಟ್ಟು ನೋಡಹೋದರೆ ಒಂದೂ ಹೊರಗಿಲ್ಲ. ಅಷ್ಟು ಚಂದದ ಡ್ರಮ್ಮಿಗೆ ಕಸ ಯಾರಾದರೂ ಹಾಕುತ್ತಾರೆಯೇ? ಒಂದರಲ್ಲಿ ಜೋಳ, ಇನ್ನೊಂದರಲ್ಲಿ ಬೀಜದ ಶೇಂಗಾ. ಒಬ್ಬ ಅಜ್ಜಿಯಂತೂ ಅರಿಷಿಣ ಕುಂಕುಮ ಹಚ್ಚಿ ದೇವರ ಕೋಣೆಯಲ್ಲೇ ಕೂರಿಸಿದ್ದಳು. ಅಪ್ಪ ಮನೆಮನೆ ಹೊಕ್ಕು, ಕಾಳನ್ನು ಚೀಲಕ್ಕೆ ಸುರುವಿ, ಡ್ರಮ್ಮು ಹೊತ್ತು ತಂದು ಬಾಗಿಲಿಗೆ ಇಟ್ಟರು. ಸೀನುತ್ತಲೇ ಮೊದಲ ಹಿಡಿ ತೊಟ್ಟು ತಾವೇ ಹಾಕಿ ತೋರಿಸಿದರು.

ಅಲ್ಲಿಂದ ಡ್ರಮ್ಮಿಗೆ ನಮ್ಮ ಅಡ್ಡಹೆಸರೇ ಬಿತ್ತು: ಕಡೇಮನಿ. "ಅಲ್ಲೆಲ್ಲಿ ಒಗೀತೀ, ಕಡೇಮನಿಗೆ ಹಾಕು" ಎಂದು ಅತ್ತೆಯರು ಸೊಸೆಯರಿಗೆ ಹೇಳುವರು. ಗಟಾರಗಳೇನೋ ಹರಿದವು. ನಾನು ಮಾತ್ರ ಕಾಲೇಜಿಗೆ ಹೆಸರು ಹಚ್ಚುವಾಗ ಅಡ್ಡಹೆಸರನ್ನು ಕತ್ತರಿಸಿ ಬರೀ 'ಕೆ' ಎಂದು ಬರೆದೆ. ಮಹಾ ಜಾಣನೆಂದು ಬೀಗಿದ್ದೂ ಉಂಟು. ಅಪ್ಪ ಅರ್ಜಿ ನೋಡಿದರು, ಏನೂ ಅನ್ನಲಿಲ್ಲ. ಇಷ್ಟು ವರ್ಷವಾದರೂ ಅಂದಿರಲಿಲ್ಲ.

ಅವರೀಗ ರಾಣೆಬೆನ್ನೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಫೋನು ಹಚ್ಚಿ ಒಂದೇ ಉಸಿರಿಗೆ ಎಲ್ಲ ಒದರಿದೆ. ನಿಮ್ಮಂಥವರೊಬ್ಬರು ಪ್ಯಾರಿಸ್ಸಿನಲ್ಲೂ ಇದ್ದರು, ಅವರ ಹೆಸರು ಈಗ ನಿಘಂಟಿನಲ್ಲೇ ಇದೆ, ಊರು ಸ್ವಚ್ಛ ಮಾಡಿದವರಿಗೆ ಇದಕ್ಕಿಂತ ಮರ್ಯಾದೆ ಬೇಕೇ ಎಂದೆ. ನಗುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ:

"ಅವರ ಮಕ್ಕಳು ಆ ಅಡ್ಡಹೆಸರು ಇಟ್ಕೊಂಡ್ರೇನ, ತಮ್ಮಾ?"



"ಗೊತ್ತಿಲ್ಲಪ್ಪಾ. ನಾ ಬಿಟ್ಟಿದ್ದು ಮಾತ್ರ ತಪ್ಪಾತು."

"ಇರ್ಲಿ ಬಿಡು," ಎಂದವರು, ಚಹಾ ಆಯಿತೇ ಎಂದು ಕೇಳಿದರು.

ಈ ಬರಹದ ಜೊತೆ ಸಂಪಾದಕರಿಗೊಂದು ಚೀಟಿ ಇಟ್ಟಿದ್ದೇನೆ: ನನ್ನ ಹೆಸರು ಪೂರ್ತಿ ಹಾಕಿರಿ, ಕಡೇಮನಿ ಎಂದೇ.